ಒಂದು ಚಾಪೆಯಷ್ಟು ಜಾಗ

ಪೇಟೆಯಲ್ಲಿ ಸಿದ್ಧವಾಗಿ ದೊರೆಯುವ ವಸ್ತುವನ್ನು ಮನೆಯಲ್ಲಿಯೇ ಮಾಡಿಕೊಳ್ಳಬೇಕೆಂಬ ಹಟ ಕೆಲವರಿಗೆ ಇರುವುದುಂಟು. ಒಬ್ಬರು ಹಪ್ಪಳವನ್ನು ಕೊಂಡು ತಿನ್ನುವುದಿಲ್ಲ. ಇನ್ನೊಬ್ಬರು ತಮ್ಮ ಪುಸ್ತಕಗಳಿಗೆ ತಾವೇ ರಟ್ಟು ಕಟ್ಟಿಕೊಳ್ಳುತ್ತಾರೆ. ನನಗೆ ಪಾಠ ಹೇಳಿದ ಉಪಾಧ್ಯಾಯರೊಬ್ಬರು ಶಾಯಿಯನ್ನು ಕೂಡ ಅಳಲೆಕಾಯಿಂದ ತಾವೇ ಕುದಿಸಿ ಇಳಿಸುತ್ತಿದ್ದರು. ಇಂಥವರನ್ನು ಕಂಡು ನಗುವುದು ಸುಲಭ. ನಾನೂ ನಕ್ಕವನೇ. ಆದರೆ ಹೀಗೆ ಮನೆಯಲ್ಲಿ ಮಾಡಿಕೊಳ್ಳುವ ವಸ್ತುಗಳ ಸಾಲಿನಲ್ಲಿ ಕೋವಿಯ ತೋಟಾ ಸಹ ಸೇರಬಹುದೆಂಬುದು, ಕೋವಿಯ ನಾಡಿನಲ್ಲಿಯೇ ಹುಟ್ಟಿ ಬೆಳೆದ ನನಗೆ, ಎಪ್ಪತ್ತು ವರ್ಷ ತುಂಬುವ ತನಕ ತೋರಿರಲಿಲ್ಲ. ಅದನ್ನು ತೋರಿಸಿಕೊಟ್ಟವನು ನನ್ನ ಮಗ. ತೋರಿಸಿದ ಸ್ಥಳ ಕೋಟು ತೂಗುಹಾಕುವ ಒಂದು ಗೋಡೆಬೀರು.

ಮೊದಲು ನನ್ನ ಮನೆಯ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ನಮ್ಮದು ಕೊಡಗಿನಲ್ಲಿ ಜಮ್ಮಾ ಹಿಡುವಳಿಯ ಹಳೆಯ ಮನೆ. 1861ರಲ್ಲಿ ಮಾರ್ಕ್ ಕಬ್ಬನ್ನನು ನಿರಾಯುಧೀಕರಣದ ಕಾನೂನಿನಿಂದ ಕೊಡಗಿನವರಿಗೆ ವಿನಾಯಿತಿ ಕೊಟ್ಟದ್ದು ಮೊದಲ್ಗೊಂಡು, ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿದೆ; 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರ ವರೆಗೆ ಮುಂದುವರಿಸಿತು. ನಮ್ಮಲ್ಲಿ ಕೋವಿಯೆಂಬುದು ಬೇಟೆಯ ಸಲಕರಣೆ ಮಾತ್ರವಲ್ಲ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಒಂದು ಈಡು. ಕೈಲು ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ. ಮನೆಯ ಸುಖದುಃಖಗಳನ್ನು ಬೆಟ್ಟದಾಚೆಯವರಿಗೆ ತಿಳಿಸುತ್ತಿದ್ದುದು ಅದರ ಸದ್ದೇ.

ನನ್ನ ಅಜ್ಜನಲ್ಲಿ ಇದ್ದುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದಕ್ಕೆ ಈಡು ತುಂಬುವ ದಿನ ಅಜ್ಜನು ಜಗಲಿಯ ಮೂಡಣ ಮೂಲೆಯಲ್ಲಿ ಒಂದು ಚಾಪೆಯನ್ನು ಹಾಸುತ್ತಿದ್ದನು. ಅಷ್ಟು ದೊಡ್ಡ ಮನೆಯಲ್ಲಿ ಆ ಕೆಲಸಕ್ಕೆ ಮೀಸಲಾದುದು ಅಷ್ಟೇ ಜಾಗ. ಕೊಂಬಿನಿಂದ ಅಳತೆಯ ಕೊಳವೆಗೆ ಮದ್ದು, ಕೊಳವೆಯಿಂದ ನಳಿಗೆಗೆ; ಮೇಲೆ ತೆಂಗಿನ ನಾರಿನ ಉಂಡೆ; ಗಜದಿಂದ ಎಣಿಸಿದಷ್ಟೇ ಪೆಟ್ಟು; ಆಮೇಲೆ ಚರೆ, ಮತ್ತೆ ನಾರು. ಕೇಪನ್ನು ಇಡುವುದು ಎಲ್ಲಕ್ಕಿಂತ ಕೊನೆಗೆ, ಗದ್ದೆಗೆ ಇಳಿದ ಮೇಲೆ. ಈ ಕೆಲಸ ನಡೆಯುವಷ್ಟು ಹೊತ್ತು ಮನೆಯಲ್ಲಿ ಯಾರೂ ಅಜ್ಜನನ್ನು ಮಾತನಾಡಿಸುವಂತಿರಲಿಲ್ಲ. ಮಕ್ಕಳಾದ ನಾವು ಜಗಲಿಯ ಮೆಟ್ಟಿಲನ್ನು ಹತ್ತುವಂತಿರಲಿಲ್ಲ. ಅಂಗಳದಲ್ಲಿ ನಿಂತು, ಅಜ್ಜನ ಎಡಗೈಯನ್ನೇ ನೋಡುತ್ತಿದ್ದೆವು. ಆ ಕೈಯಲ್ಲಿ ಎರಡು ಬೆರಳುಗಳಿರಲಿಲ್ಲ. ಕೇಳಿದರೆ ಅಜ್ಜನು, “ನಳಿಗೆ ಹಳೆಯದಾಗಿತ್ತು, ಸಿಡಿಯಿತು” ಎನ್ನುತ್ತಿದ್ದನು. ಊರಿನವರೂ ಹಾಗೆಯೇ ಹೇಳುತ್ತಿದ್ದರು. ನಾವು ಅದಕ್ಕಿಂತ ಹೆಚ್ಚು ಕೇಳಲಿಲ್ಲ.

2023ರ ಬೇಸಿಗೆಯಲ್ಲಿ ನಾನು ಅಮೆರಿಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಪಿಟ್ಸ್‌ಬರ್ಗ್ ನಗರಕ್ಕೆ ಹೋಗಿ ಮಗನ ಮನೆಯಲ್ಲಿ ಕೆಲವು ತಿಂಗಳು ಇದ್ದೆನು. ಎರಡು ನದಿಗಳು ಕೂಡಿ ಓಹೈಯೋ ಎಂಬ ಮೂರನೆಯದಾಗಿ ಹರಿಯುವ ಆ ಊರು ಗುಡ್ಡಗಳ ಮೇಲೆ ಹತ್ತಿ ಇಳಿಯುವುದನ್ನು ನೋಡಿದಾಗ ನನಗೆ ಮಡಿಕೇರಿಯ ನೆನಪಾಗದೆ ಇರಲಿಲ್ಲ. ಮಗನದು ಮೂರನೆಯ ಅಂತಸ್ತಿನಲ್ಲಿ ಬಾಡಿಗೆಯ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ಅವನಿಗೆ ಆ ದೇಶದಲ್ಲಿ ಖಾಯಂ ನಿವಾಸದ ಹಕ್ಕು ದೊರೆತು ಎರಡು ವರ್ಷವಾಗಿತ್ತು. ಶನಿವಾರಗಳಲ್ಲಿ ಊರ ಹೊರಗಿನ ಒಂದು ಗುರಿಗಾರರ ಸಂಘಕ್ಕೆ ಹೋಗಿ, ರಿವಾಲ್ವರಿನಿಂದ ಕಾಗದದ ಗುರಿಗೆ ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದನು. ಪೇಟೆಯ ತೋಟಾ ದುಬಾರಿ; 2020ರ ಬಳಿಕ ಕೆಲವು ಕಾಲ ಅಲ್ಲಿ ತೋಟಾ ಸಿಕ್ಕುವುದೇ ಕಷ್ಟವಾಗಿತ್ತಂತೆ. ಆದುದರಿಂದ ಅವನು ಖಾಲಿ ತೋಟಾಗಳನ್ನು ಹೆಕ್ಕಿ ತಂದು ಮನೆಯಲ್ಲಿಯೇ ಮತ್ತೆ ತುಂಬುವುದನ್ನು ಕಲಿಯಲು ತೊಡಗಿದ್ದನು.

ಬಾಗಿಲ ಪಕ್ಕದಲ್ಲಿ ಕೋಟುಗಳನ್ನು ತೂಗುಹಾಕುವ ಗೋಡೆಬೀರೊಂದಿತ್ತು. ಮೂರು ಅಡಿ ಅಗಲ, ಎರಡು ಅಡಿ ಆಳ. ಕೋಟುಗಳೆಲ್ಲ ಮಂಚದಡಿಯ ಪೆಟ್ಟಿಗೆಗೆ ಹೋಗಿದ್ದವು. ಅವುಗಳ ಜಾಗದಲ್ಲಿ ಬಡಗಿಗಳು ಉಪಯೋಗಿಸುವ ಮಡಚುವ ಮೇಜೊಂದು ನಿಂತಿತ್ತು. ಅದಕ್ಕೆ ದಪ್ಪ ಹಲಗೆಯನ್ನು ಬಿಗಿದು, ಹಲಗೆಗೆ ಒಂದು ಸಣ್ಣ ಒತ್ತುಯಂತ್ರವನ್ನು ಬೋಲ್ಟು ಹಾಕಿ ಕೂರಿಸಿದ್ದನು. ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಯಂತ್ರ ಅದು. ಹಿಡಿಯನ್ನು ಒಂದೊಂದು ಸಲ ಎಳೆದಾಗಲೂ ಒಂದೊಂದು ತೋಟಾವನ್ನು ಮುಗಿಸಿ ಕೊಡುವ ದೊಡ್ಡ ಯಂತ್ರಗಳೂ ಇವೆಯಂತೆ. “ಕಲಿಯುವವನಿಗೆ ಅದು ಬೇಡ ಅಪ್ಪ. ಎಲ್ಲವೂ ಒಟ್ಟಿಗೇ ನಡೆದರೆ ಯಾವುದು ತಪ್ಪಿತೆಂದು ತಿಳಿಯುವುದಿಲ್ಲ” ಎಂದನು.

ಮನೆಯ ಒಡೆಯರಿಂದ ಬರೆದ ಒಪ್ಪಿಗೆಯನ್ನು ಮೊದಲೇ ಪಡೆದಿದ್ದನು. ಸ್ವಂತ ಉಪಯೋಗಕ್ಕೆ ತೋಟಾ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಪರವಾನಗಿ ಬೇಕಿಲ್ಲ, ಮಾರುವುದಾದರೆ ಬೇಕು. ನಮ್ಮ ದೇಶದಲ್ಲಿ ಹಾಗಲ್ಲ; 1959ರ ಆಯುಧ ಕಾನೂನಿನಂತೆ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ವಾಚಕರಲ್ಲಿ ಯಾರಿಗಾದರೂ ಈ ಪ್ರಬಂಧವನ್ನು ಓದಿ ಉತ್ಸಾಹ ಹುಟ್ಟಿದರೆ ಅದು ಅಲ್ಲಿಗೇ ಶಮನವಾಗಲಿ. ನನ್ನ ಉತ್ಸಾಹವೂ ಬೇರೊಂದು ಕಾರಣದಿಂದ ಶಮನವಾಯಿತು. ಪ್ರವಾಸಿಯಾಗಿ ಬಂದ ಪರದೇಶೀಯನು ಕೋವಿಯನ್ನಾಗಲಿ ತೋಟಾವನ್ನಾಗಲಿ ವಶದಲ್ಲಿ ಇಟ್ಟುಕೊಳ್ಳಕೂಡದೆಂದು, ಕೆಲವು ವಿನಾಯಿತಿಗಳ ಹೊರತು, ಆ ದೇಶದ ವಿಧಿ. ಹುಟ್ಟಿದಾಗ ಕೋವಿಯ ಸದ್ದಿನಿಂದ ಸ್ವಾಗತ ಪಡೆದವನಿಗೆ ಮಗನು, “ಅಪ್ಪ, ನೀವು ಏನನ್ನೂ ಮುಟ್ಟಬೇಡಿ” ಎಂದು ಹೇಳಬೇಕಾಯಿತು. ಬೀರುವಿನ ಬಾಗಿಲಲ್ಲಿ ನನಗೆ ಒಂದು ಕುರ್ಚಿ ದೊರೆಯಿತು. ಕೈಕಟ್ಟಿ ಕುಳಿತು ನೋಡುವುದು ನನ್ನ ಪಾಲಿನ ಕೆಲಸವಾಯಿತು.

ನೋಡುತ್ತ ನೋಡುತ್ತ ನನಗೂ ಅದರ ಕ್ರಮ ತಿಳಿಯಿತು. ತೋಟಾಕ್ಕೆ ನಾಲ್ಕು ಅಂಗ: ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಹೊಡೆದ ಮೇಲೆ ಕಡೆಯ ಮೂರೂ ಹೋಗುತ್ತವೆ. ಕೋಶ ಮಾತ್ರ ಉಳಿಯುತ್ತದೆ. ಬೆಲೆಯಲ್ಲಿ ಹೆಚ್ಚಿನದೂ ಅದೇ ಆದುದರಿಂದ ಈ ಉಳಿತಾಯದ ವಿದ್ಯೆ ಹುಟ್ಟಿತು. ಮೊದಲು ಕೋಶವನ್ನು ತೊಳೆದು ಒಣಗಿಸಿ, ಬಿರುಕಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೊಡೆದಾಗ ಹಿಗ್ಗಿದ ಕೋಶವನ್ನು ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಅದೇ ಒತ್ತಿನಲ್ಲಿ ಒಂದು ಕಡ್ಡಿ ಹಳೆಯ ಕೇಪನ್ನು ಹೊರಗೆ ನೂಕುತ್ತದೆ. ಬಾಯನ್ನು ತುಸು ಅಗಲಿಸಿ, ಹೊಸ ಕೇಪನ್ನು ಕೂರಿಸಿ, ಮದ್ದನ್ನು ತೂಗಿ ಹಾಕಿ, ಗುಂಡನ್ನು ಇಟ್ಟು ಒತ್ತಬೇಕು.

ಕೇಪಿನ ವಿಷಯದಲ್ಲಿ ಒಂದು ವಿನೋದವುಂಟು. ಬಾಕ್ಸರ್ ಎಂಬ ಆಂಗ್ಲ ಸೇನಾಧಿಕಾರಿಯೂ ಬರ್ಡನ್ ಎಂಬ ಅಮೆರಿಕನನೂ 1866ರ ಸುಮಾರಿಗೆ ಎರಡು ಬಗೆಯ ಕೇಪುಗಳನ್ನು ಕಲ್ಪಿಸಿದರು. ಬಾಕ್ಸರನ ಕ್ರಮದಲ್ಲಿ ಕೋಶದ ಬುಡದ ನಡುವೆ ಒಂದೇ ರಂಧ್ರ. ಕಡ್ಡಿಯಿಂದ ನೂಕಿದರೆ ಹಳೆಯ ಕೇಪು ಬಿದ್ದುಹೋಗುತ್ತದೆ. ಬರ್ಡನನ ಕ್ರಮದಲ್ಲಿ ರಂಧ್ರಗಳು ನಡುವೆ ಇರುವುದಿಲ್ಲವಾದುದರಿಂದ ಅದನ್ನು ತೆಗೆಯುವುದು ಪ್ರಯಾಸ. ಅಮೆರಿಕದವರು ಆಂಗ್ಲನ ಕೇಪನ್ನು ಹಿಡಿದರು. ಯೂರೋಪಿನಲ್ಲಿ ಅಮೆರಿಕನನ ಕೇಪು ಬಹುವಾಗಿ ಹರಡಿತು. ಮಗನ ಗೋಡೆಬೀರುವಿನ ಉದ್ಯಮವು ಒಬ್ಬ ಆಂಗ್ಲನ ಒಂದು ರಂಧ್ರದ ಕೃಪೆ!

ತೂಕಕ್ಕೆ ಅವರು ‘ಗ್ರೇನ್’ ಎಂಬ ಮಾನವನ್ನು ಬಳಸುತ್ತಾರೆ. ಒಂದು ಪೌಂಡಿಗೆ 7000 ಗ್ರೇನು. ನಮ್ಮ ಅಕ್ಕಸಾಲಿಗರ ಗುಲಗಂಜಿಯ ಸುಮಾರು ಅರ್ಧ. ಅವನ ರಿವಾಲ್ವರಿನ ತೋಟಾದ ಹೆಸರು ‘ಥರ್ಟಿ ಎಯ್ಟ್ ಸ್ಪೆಷಲ್’. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕಪ್ಪು ಮದ್ದಿಗೆಂದು ರೂಪಿಸಿದುದು. ಕಪ್ಪು ಮದ್ದಿಗೆ ದೊಡ್ಡ ಹೊಟ್ಟೆ ಬೇಕು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಯ್ ಕಂಡುಹಿಡಿದ ಹೊಗೆಯಿಲ್ಲದ ಮದ್ದಾದರೋ ಬಹಳ ಬಿರುಸು, ಸ್ವಲ್ಪವೇ ಸಾಕು. ಮದ್ದು ಬದಲಾಯಿತು, ಹೊಟ್ಟೆ ಹಾಗೆಯೇ ಉಳಿಯಿತು. ಆದುದರಿಂದ ಈ ಕೋಶದ ತಳದಲ್ಲಿ ಈಗಿನ ಮದ್ದು ಒಂದು ಚಿಟಿಕೆಯಷ್ಟೇ ಕಾಣುತ್ತದೆ. ಮರೆತು ಎರಡು ಸಲ ಹಾಕಿದರೂ ಉಕ್ಕಿ ಚೆಲ್ಲುವುದಿಲ್ಲ, ಸದ್ದಿಲ್ಲದೆ ಒಳಗೆ ಅಡಗಿರುತ್ತದೆ. ಅಂಥ ತೋಟಾ ಹೊಡೆದವನ ಕೈಯಲ್ಲಿಯೇ ಕೋವಿಯನ್ನು ಒಡೆಯಬಲ್ಲದು.

ಇಕ್ಕಟ್ಟಾದ ಜಾಗ ಶಿಸ್ತನ್ನು ಕಲಿಸುತ್ತದೆಂದು ಮಗನ ಮತ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಬೇಕೆಂಬುದು ಈ ವಿದ್ಯೆಯ ಮೊದಲ ನಿಯಮ. ಬೇರೆ ಬೇರೆ ಮದ್ದು ಬೆರೆತರೆ ಅನರ್ಥ. ಅವನ ಮೇಜಿನ ಮೇಲೆ ಎರಡನೆಯದಕ್ಕೆ ಎಡೆಯೇ ಇರಲಿಲ್ಲ. ಮದ್ದನ್ನೂ ಕೇಪನ್ನೂ ತಂದ ಡಬ್ಬಗಳಲ್ಲಿಯೇ ಇಟ್ಟು, ಬೇರೆ ಬೇರೆಯಾಗಿ ಬೀಗ ಹಾಕುತ್ತಿದ್ದನು. ಅಳತೆಯನ್ನು ಯಾರ ಬಾಯಿಂದಲೂ ಕೇಳದೆ, ಲೈಮನ್ ಕಂಪೆನಿಯ ಕೈಪಿಡಿಯಲ್ಲಿ ನೋಡಿ, ಅಲ್ಲಿ ಕೊಟ್ಟ ಕನಿಷ್ಠ ಪ್ರಮಾಣದಿಂದಲೇ ಪ್ರಾರಂಭಿಸಿದ್ದನು. ಸೊಸೆ ಹಾಕಿದ ನಿಬಂಧನೆಗಳು ಇನ್ನೂ ಕಠಿನ. ಐದು ವರ್ಷದ ಮೊಮ್ಮಗಳಿರುವ ಮನೆ. ಸೀಸದ ಧೂಳು ಮಕ್ಕಳಿಗೆ ವಿಷ. ಕೆಲಸ ಮುಗಿದೊಡನೆ ಒದ್ದೆ ಬಟ್ಟೆಯಿಂದ ಹಲಗೆಯನ್ನೂ ನೆಲವನ್ನೂ ಒರಸಬೇಕು. ಸಾಬೂನು ಹಚ್ಚಿ ಕೈ ತೊಳೆದು, ಅಂಗಿ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು. ಬೀರುವಿನೊಳಗೆ ಕಾಫಿಯ ಲೋಟ ಸಹ ಬರಕೂಡದು. ನನ್ನ ಅಜ್ಜಿಯ ಮಡಿ ಇದಕ್ಕಿಂತ ಸಡಿಲವಾಗಿತ್ತೆಂದು ನಾನು ಹೇಳಿದೆನು, ಯಾರೂ ನಗಲಿಲ್ಲ.

ಆದರೆ ಇಕ್ಕಟ್ಟು ಒಂದು ಕೆಟ್ಟ ಪಾಠವನ್ನೂ ಕಲಿಸಿತ್ತು. ಐವತ್ತು ಕುಳಿಗಳಿರುವ ಮರದ ಪಡಿಯಚ್ಚೊಂದರಲ್ಲಿ ಕೋಶಗಳನ್ನೆಲ್ಲ ನಿಲ್ಲಿಸಿ, ಎಲ್ಲಕ್ಕೂ ಮದ್ದು ಹಾಕಿ, ದೀಪ ಹಿಡಿದು ಒಂದೊಂದರ ಒಳಗೂ ನೋಡಿ, ಆಮೇಲೆ ಗುಂಡು ಕೂರಿಸುವುದು ಕ್ರಮ. ಮದ್ದು ಹೆಚ್ಚಿದ್ದರೂ ಇಲ್ಲದಿದ್ದರೂ ನೆರೆಯವುಗಳ ಜೊತೆಯಲ್ಲಿ ಅದು ಕಂಡುಬಿಡುತ್ತದೆ. ಆ ಪಡಿಯಚ್ಚನ್ನು ಇಡಲು ಹಲಗೆಯ ಮೇಲೆ ಸ್ಥಳ ಸಾಲದೆಂದು ಮಗನು ಅದನ್ನು ಬಿಟ್ಟಿದ್ದನು. ಒಂದು ಕೋಶಕ್ಕೆ ಮದ್ದು, ಕೂಡಲೇ ಗುಂಡು, ಕೂಡಲೇ ಡಬ್ಬಕ್ಕೆ, ಹೀಗೆ ನಡೆಸುತ್ತಿದ್ದನು.

ಆಗಸ್ಟ್ ತಿಂಗಳ ಒಂದು ಸಂಜೆ. ಸೊಸೆ ಮಗುವನ್ನು ಕರೆದುಕೊಂಡು ದೇವಸ್ಥಾನಕ್ಕೆ ಹೋಗಿದ್ದಳು. ಮಗನು ತುಂಬುತ್ತಿದ್ದನು; ನಾನು ಕುರ್ಚಿಯಲ್ಲಿ ಕುಳಿತಿದ್ದೆನು. ಹೊರಗೆ ಮಳೆ ಹನಿಯುತ್ತಿತ್ತು. ಮಳೆಯ ಸದ್ದಿಗೆ ನನಗೆ ಊರಿನ ನೆನಪಾಗಿ, ಕೈಲು ಮುಹೂರ್ತ ಹತ್ತಿರ ಬಂತೆಂಬ ಯೋಚನೆ ಬಂದು, ಬಹು ದಿನಗಳಿಂದ ಕೇಳಬೇಕೆಂದಿದ್ದ ಮಾತು ಬಾಯಿಂದ ಹೊರಬಿದ್ದಿತು. “ಈ ವರ್ಷವೂ ಊರಿಗೆ ಬರುವುದಿಲ್ಲವೇನೋ? ಕೋವಿಗೆ ಹೂ ಇಡುವುದಕ್ಕೆ ನಾನೊಬ್ಬನೇ ಉಳಿದೆ.”

ಅವನು ತಲೆಯೆತ್ತಿದನು. ಏನೋ ಹೇಳಹೋಗಿ, ಹೇಳದೆ, “ನೋಡೋಣ ಅಪ್ಪ” ಎಂದನು. ಅಷ್ಟರಲ್ಲಿ ಕೈಗಳು ತಮ್ಮ ಕೆಲಸವನ್ನು ತಾವೇ ನಡೆಸಿದ್ದವು. ಒಂದು ತೋಟಾ ಡಬ್ಬಕ್ಕೆ ಬಿದ್ದ ಸದ್ದು ಇಬ್ಬರಿಗೂ ಕೇಳಿತು. ಅವನು ತಕ್ಕಡಿಯ ತಟ್ಟೆಯನ್ನು ನೋಡಿದನು, ಅದು ಬರಿದಾಗಿತ್ತು. ಅದರಲ್ಲಿದ್ದ ಮದ್ದು ಆ ತೋಟಾಕ್ಕೆ ಬಿದ್ದಿತೋ, ಅದರ ಹಿಂದಿನದಕ್ಕೇ ಎರಡನೆಯ ಸಲ ಬಿದ್ದಿತೋ, ತೂಗಲೇ ಇಲ್ಲವೋ ಅವನಿಗೆ ಹೇಳಲಾಗಲಿಲ್ಲ. ಎದುರಿಗೇ ಕುಳಿತಿದ್ದ ನನಗೂ ಹೇಳಲಾಗಲಿಲ್ಲ. ನಾನು ಅವನ ಮುಖವನ್ನು ನೋಡುತ್ತಿದ್ದೆನು, ಕೈಯನ್ನಲ್ಲ.

ಡಬ್ಬದಲ್ಲಿ ಇಪ್ಪತ್ತೇಳು ತೋಟಾಗಳಿದ್ದವು, ಒಂದರೊಳಗೊಂದು ಬೆರೆತು. ಅಲ್ಲಾಡಿಸಿ ಕೇಳಿದರಾಗದೇ ಎಂದೆನು. ಅದನ್ನು ನಂಬಲಾಗದು ಎಂದನು. ತೂಗಿ ನೋಡಿದರೆ? ಮದ್ದಿನ ತೂಕ ಕೆಲವೇ ಗ್ರೇನು. ಕೋಶ ಕೋಶಕ್ಕೂ ಗುಂಡು ಗುಂಡಿಗೂ ಇರುವ ವ್ಯತ್ಯಾಸದಲ್ಲಿಯೇ ಅದು ಮುಳುಗಿಹೋಗುತ್ತದೆ. ಇಪ್ಪತ್ತೇಳನ್ನೂ ಬಿಚ್ಚಬೇಕು, ಬೇರೆ ದಾರಿಯಿಲ್ಲ. ಬಿಚ್ಚುವುದಕ್ಕೆ ಒಂದು ಟೊಳ್ಳು ಸುತ್ತಿಗೆಯುಂಟು. ತೋಟಾವನ್ನು ಅದರ ತಲೆಯಲ್ಲಿ ಸಿಕ್ಕಿಸಿ ಗಟ್ಟಿಯಾದ ಮರದ ಮೇಲೆ ಬಡಿದರೆ, ಬಡಿತದ ವೇಗಕ್ಕೆ ಗುಂಡು ಕಳಚಿ ಮದ್ದಿನೊಡನೆ ಒಳಗೆ ಬೀಳುತ್ತದೆ. ಮೂರನೆಯ ಅಂತಸ್ತಿನಲ್ಲಿ ರಾತ್ರಿ ಬಡಿಯುವ ಹಾಗಿರಲಿಲ್ಲ. ಅವನು ಡಬ್ಬದ ಮೇಲೆ ‘ಸಂಶಯ’ ಎಂದು ಕನ್ನಡದಲ್ಲಿ ಬರೆದು ಬೀಗ ಹಾಕಿದನು.

ಶನಿವಾರ ಸಂಘದ ಕೊಟ್ಟಿಗೆಯಲ್ಲಿ ಒಂದೊಂದಾಗಿ ಬಿಚ್ಚಿದನು. ನಾನು ದೂರದಲ್ಲಿ ನಿಂತು ಎಣಿಸಿದೆನು. ಎರಡು ಪಟ್ಟು ಮದ್ದು ಯಾವುದರಲ್ಲಿಯೂ ಇರಲಿಲ್ಲ. ನಾನು ಉಸಿರು ಬಿಡುವುದರೊಳಗೆ, ಹತ್ತೊಂಬತ್ತನೆಯದರಲ್ಲಿ ಮದ್ದೇ ಇಲ್ಲದೆ ಗುಂಡು ಮಾತ್ರ ಹೊರಬಂದಿತು. ಮದ್ದಿಲ್ಲದಿದ್ದರೆ ಸಿಡಿಯದು, ಅಪಾಯವೇನು ಎಂದು ನಾನು ತಿಳಿದಿದ್ದೆನು. ಮಗನು ವಿವರಿಸಿದನು. ಕೇಪಿನ ಬಲವೊಂದೇ ಗುಂಡನ್ನು ನಳಿಗೆಯ ನಡುವಿನ ತನಕ ನೂಕಿ ಅಲ್ಲಿ ಸಿಕ್ಕಿಸಿಬಿಡಬಹುದು. ಸದ್ದು ಸಣ್ಣದಾದುದನ್ನು ಗಮನಿಸದೆ ಮುಂದಿನದನ್ನು ಹೊಡೆದರೆ, ನಳಿಗೆ ಒಡೆಯುವುದು ಆಗ. ನಾವು ಹೆದರಿದ್ದು ಒಂದಕ್ಕೆ, ಅಲ್ಲಿ ಇದ್ದುದು ಮತ್ತೊಂದು.

ಮನೆಗೆ ಬಂದಾಗ ಸೊಸೆ ಕೇಳಿದಳು, “ಹೇಗೆ ತಪ್ಪಿತು?”

“ನನ್ನ ಲೆಕ್ಕ ತಪ್ಪಿತು” ಎಂದನು ಮಗನು. ನನ್ನ ಕಡೆ ನೋಡಲೂ ಇಲ್ಲ.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ತಂದೆ ತಮ್ಮ ಕೊನೆಯ ಕಾಯಿಲೆಯಲ್ಲಿ ನನಗೊಬ್ಬನಿಗೇ ಹೇಳಿದ್ದ ಮಾತೊಂದಿತ್ತು. ಅಜ್ಜನ ಕೋವಿಯ ನಳಿಗೆ ಹಳೆಯದಾಗಿರಲಿಲ್ಲ. ಒಂದು ಹುತ್ತರಿಯ ಸಂಜೆ ಅಜ್ಜನು ಜಗಲಿಯಲ್ಲಿ ಮದ್ದು ತುಂಬುತ್ತಿದ್ದಾಗ, ಎಂಟು ವರ್ಷದ ಹುಡುಗನಾಗಿದ್ದ ನನ್ನ ತಂದೆ ಚಾಪೆಯ ಅಂಚಿಗೆ ಬಂದು, “ಅಪ್ಪ, ನನಗೆ ಯಾವಾಗ ಕೋವಿ ಕೊಡುತ್ತೀರಿ?” ಎಂದು ಕೇಳಿದರಂತೆ. ಅಜ್ಜನು ನಕ್ಕು, ಮಗನನ್ನು ಮಾತನಾಡಿಸಿ, ಮತ್ತೆ ಕೊಂಬನ್ನು ಎತ್ತಿಕೊಂಡನು. ಎರಡನೆಯ ಸಲ ಮದ್ದು ಹಾಕಿದುದನ್ನು ಹುಡುಗ ಕಂಡನು. ಅದು ತಪ್ಪೆಂದು ಅವನಿಗೆ ತಿಳಿಯಲಿಲ್ಲ. ಗದ್ದೆಯಲ್ಲಿ ಈಡು ಹಾರಿಸಿದಾಗ ನಳಿಗೆ ಸಿಡಿಯಿತು. ಅಜ್ಜನು ಆ ಮಾತನ್ನು ಅಂದೂ ಹೇಳಲಿಲ್ಲ, ಸಾಯುವ ತನಕವೂ ಹೇಳಲಿಲ್ಲ. ನಳಿಗೆ ಹಳೆಯದಾಗಿತ್ತು, ಅಷ್ಟೆ. ಅಂದಿನಿಂದ ಚಾಪೆ ಹಾಸಿದಾಗ ಯಾರೂ ಹತ್ತಿರ ಬರಕೂಡದೆಂಬ ನಿಯಮ ಮನೆಯಲ್ಲಿ ಹುಟ್ಟಿತು. ಕಾರಣ ಮಾತ್ರ ಯಾರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಇದನ್ನು ಮಗನಿಗೆ ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದು, ಎದ್ದುಹೋಗಿ, ಮಂಚದಡಿಯಿಂದ ಮರದ ಪಡಿಯಚ್ಚನ್ನು ತೆಗೆದು ತಂದನು. ಅದನ್ನು ಇಡಬೇಕಾದರೆ ಹಲಗೆಗೆ ಇನ್ನೊಂದು ತುಂಡನ್ನು ಜೋಡಿಸಬೇಕು. ತುಂಡನ್ನು ಜೋಡಿಸಿದರೆ ಬೀರುವಿನ ಬಾಗಿಲಲ್ಲಿ ನನ್ನ ಕುರ್ಚಿಗೆ ಎಡೆಯಿಲ್ಲ. ಅದನ್ನು ಹೇಳಲು ಅವನಿಗೆ ಸಂಕೋಚವಾಯಿತು. ಕುರ್ಚಿಯನ್ನು ನಾನೇ ಎತ್ತಿ ಹೊರಗಿನ ಕೋಣೆಯಲ್ಲಿಟ್ಟೆನು.

ಮುಂದಿನ ವಾರ ಅವನು ಬಾಗಿಲು ಮುಂದೆಮಾಡಿಕೊಂಡು ತುಂಬಿದನು. ನಾನು ಹೊರಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒತ್ತುಯಂತ್ರದ ಹಿಡಿ ಏರಿ ಇಳಿಯುವ ಸದ್ದನ್ನು ಕೇಳುತ್ತಿದ್ದೆನು. ಮಗು ಒಂದೆರಡು ಸಲ ಅಪ್ಪನನ್ನು ಕೂಗಲು ಬಾಯಿ ತೆರೆಯಿತು. ನಾನು ತುಟಿಯ ಮೇಲೆ ಬೆರಳಿಟ್ಟು ತಡೆದೆನು. ಐವತ್ತು ಮುಗಿದ ಮೇಲೆ ಅವನು ಹೊರಗೆ ಬಂದು, ಕೈ ತೊಳೆದು, ಅಂಗಿ ಬದಲಿಸಿ, ಮಗುವನ್ನು ನನ್ನಿಂದ ಎತ್ತಿಕೊಂಡನು.

“ಅಪ್ಪ, ಆ ದಿನ ನೀವು ಒಂದು ಮಾತು ಕೇಳಿದಿರಲ್ಲ, ಈ ವರ್ಷ ರಜವಿಲ್ಲ. ಬರುವ ವರ್ಷ ಮಗುವನ್ನೂ ಕರೆದುಕೊಂಡು ಬರುತ್ತೇನೆ. ಕೋವಿಗೆ ಹೂ ಅವಳೇ ಇಡಲಿ” ಎಂದನು.